ಅಕ್ಕನ ಹೆಸರು ಬರೆಯಲೋ ಬಿಡಲೋ?

ಚಚಡಿಯ ನೆಂಟರ ಮನೆಯ ಪಡಸಾಲೆಯಲ್ಲಿ ಒಂದು ಅರ್ಜಿಯ ಸುತ್ತ ಪಂಚಾಯಿತಿ ನಡೆದಿತ್ತು. ಕೇಂದ್ರ ಸರ್ಕಾರದ ನೌಕರಿಗೆ ಆಯ್ಕೆಯಾದ ಹುಡುಗ ದೃಢೀಕರಣ ನಮೂನೆ ತುಂಬುತ್ತಿದ್ದ. ತಂದೆ, ತಾಯಿ, ಒಡಹುಟ್ಟಿದವರ ರಾಷ್ಟ್ರೀಯತೆ ಬರೆಯುವ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಅವನ ಅಕ್ಕ ಈಗ ಅಮೆರಿಕದ ಪ್ರಜೆ. ಕಾಕಾ ಅಂದರು: “ಅಕ್ಕನ ಸುದ್ದೀನ ಬರೀಬ್ಯಾಡೋ ತಮ್ಮಾ. ಸುಮ್ಮ ಯಾಕ ಇಲ್ಲದ ತ್ರಾಸ?”

ಕಾಕಾನ ಸಲಹೆ ತಪ್ಪು. ಸಂಗತಿ ಮುಚ್ಚಿಟ್ಟರೆ ಅನರ್ಹತೆ ಎಂದು ಆ ನಮೂನೆಯಲ್ಲೇ ಎಚ್ಚರಿಕೆ ಇದೆ. ಆದರೆ ಕಾಕಾನ ಅಂಜಿಕೆ ತಪ್ಪಲ್ಲ. ಆ ಅಂಜಿಕೆಯನ್ನು ಹುಟ್ಟಿಸಿದ್ದು ವ್ಯವಸ್ಥೆ.

ಸರ್ಕಾರ ಕೇಳಲೇಬಾರದು ಎಂಬುದು ನನ್ನ ವಾದವಲ್ಲ. ಗುಟ್ಟಿನ ಕಡತ ನೋಡುವವನನ್ನು ಅವನ ಮನೆಯವರ ಮೂಲಕ ಬಗ್ಗಿಸುವವರು ಇದ್ದಾರೆ. ನನ್ನ ತಕರಾರು ನೆಂಟಸ್ತಿಕೆಯನ್ನೇ ನಿಷ್ಠೆಯ ಅಳತೆಗೋಲು ಮಾಡುವುದರ ಬಗ್ಗೆ.

ಆ ಕೋಲು ಎಷ್ಟು ಸೊಟ್ಟ ಎಂಬುದಕ್ಕೆ ನಮ್ಮ ವಿದೇಶಾಂಗ ಸೇವೆಯೇ ಸಾಕ್ಷಿ. ಅಲ್ಲಿನ ಅಧಿಕಾರಿ ವಿದೇಶಿಯರನ್ನು ಮದುವೆಯಾಗುವಂತಿರಲಿಲ್ಲ. 1951ರಲ್ಲಿ ಕೆ.ಆರ್. ನಾರಾಯಣನ್ ಬರ್ಮಾದ ಯುವತಿಯನ್ನು ಮದುವೆಯಾಗಲು ನೆಹರೂ ಅವರಿಂದ ವಿಶೇಷ ಅನುಮತಿ ಪಡೆಯಬೇಕಾಯಿತು. ಅದೇ ನಾರಾಯಣನ್ ಮುಂದೆ ಚೀನಾಕ್ಕೂ ಅಮೆರಿಕಕ್ಕೂ ರಾಯಭಾರಿಯಾದರು. 1997ರಲ್ಲಿ ರಾಷ್ಟ್ರಪತಿಯಾಗಿ ಮೂರೂ ಸೇನೆಗಳ ಮಹಾದಂಡನಾಯಕರಾದರು. ನೆಹರೂ ತನಕ ಕೈ ಚಾಚಲಾಗದವನ ಗತಿ ಏನು?

ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ಅವರಿಂದ ಸೇವೆಗೆ ಸೇರುವಾಗಲೇ ಮುಚ್ಚಳಿಕೆ ಬರೆಸಿಕೊಂಡಿದ್ದರು: ಮದುವೆಯಾದರೆ ರಾಜೀನಾಮೆ. ಗಂಡ ಸ್ವದೇಶಿಯೋ ವಿದೇಶಿಯೋ ಎಂಬ ಪ್ರಶ್ನೆಯೂ ಅಲ್ಲಿರಲಿಲ್ಲ, ಹೆಣ್ಣಿನ ಸಂಸಾರವೇ ಅನುಮಾನಕ್ಕೆ ಸಾಕಾಗಿತ್ತು. 1979ರಲ್ಲಿ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುವುದಿದ್ದರೆ ಗಂಡಸಿಗೂ ಆಗಬೇಕಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳ ಹುಳುಕು ಬಯಲು ಮಾಡಿದರು.

ಆ ಅಕ್ಕ ನೆಲೆಸಿರುವ ಅಮೆರಿಕವೂ ಇದೇ ಪ್ರಶ್ನೆ ಕೇಳುತ್ತದೆ. ಭದ್ರತಾ ಅನುಮತಿ ಬೇಕೆನ್ನುವ ಕನ್ನಡಿಗ ಬೆಳಗಾವಿಯಲ್ಲಿರುವ ಅವ್ವ ಅಪ್ಪನ ವಿವರ ಕೊಡಬೇಕು. ಆದರೆ 2017ರಿಂದ ಜಾರಿಯಲ್ಲಿರುವ ಅಲ್ಲಿನ ಮಾರ್ಗಸೂಚಿ ಬಹಿರಂಗವಾಗಿದೆ. ವಿದೇಶದಲ್ಲಿ ನೆಂಟರಿದ್ದ ಮಾತ್ರಕ್ಕೆ ಅನರ್ಹತೆ ಇಲ್ಲ. ಯಾವ ದೇಶ, ಎಷ್ಟು ಒಡನಾಟ, ಒತ್ತಡ ಬೀಳುವ ಸಂಭವವಿದೆಯೇ ಎಂದು ತೂಗುತ್ತಾರೆ. ನಿರಾಕರಿಸುವಾಗ ಕಾರಣವನ್ನು ಬರೆದು ಕೊಡುತ್ತಾರೆ, ಉತ್ತರಿಸಲು ಅವಕಾಶವಿದೆ. ಅಲ್ಲೂ ಅನ್ಯಾಯ ನಡೆಯಬಹುದು, ಆದರೆ ಜಗಳಕ್ಕೆ ಒಂದು ಅಂಗಳವಿದೆ.

ನಮ್ಮಲ್ಲಿ? ಗುಪ್ತಚರ ಬ್ಯೂರೋವನ್ನು ಮಾಹಿತಿ ಹಕ್ಕು ಕಾಯ್ದೆಯ 24ನೇ ಕಲಮು ಬಹುಮಟ್ಟಿಗೆ ಹೊರಗಿಟ್ಟಿದೆ. ಮೀಡಿಯಾ ಒನ್ ವಾಹಿನಿಗೆ ಭದ್ರತಾ ಅನುಮತಿ ನಿರಾಕರಿಸಿದ ಪ್ರಕರಣದಲ್ಲಿ, ರಾಷ್ಟ್ರೀಯ ಭದ್ರತೆ ಎಂಬ ಮಾತನ್ನು ಬರಿಗಾಳಿಯಲ್ಲಿ ತೂರಿ ಸಹಜ ನ್ಯಾಯವನ್ನು ಕಸಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಒಂದು ವಾಹಿನಿಗೆ ಸಲ್ಲುವ ನ್ಯಾಯ ಚಚಡಿಯ ಹುಡುಗನಿಗೆ ಯಾಕೆ ಸಲ್ಲಬಾರದು?

ಇನ್ನೊಂದು ಮಾತು. ಎಲ್ಲರಿಗೂ ಗೊತ್ತಿರುವ ಅಕ್ಕನನ್ನು ತೋರಿಸಿ ಯಾರೂ ಬೆದರಿಸಲಾರರು. ಬೆದರಿಕೆಗೆ ಹಿಡಿಕೆಯಾಗುವುದು ಮುಚ್ಚಿಟ್ಟ ಸಂಬಂಧ. ಅಂಜಿಸಿ ಸುಳ್ಳು ಬರೆಸುವ ವ್ಯವಸ್ಥೆ ತಾನು ತಡೆಯಬೇಕಾದ ಅಪಾಯವನ್ನು ತಾನೇ ಸಾಕುತ್ತದೆ. ಹಾಗಾಗಿ ಕೇಳಲಿ, ತೂಗಲಿ, ಬೇಡವೆನಿಸಿದರೆ ಕಾರಣವನ್ನು ಬರೆದು ಕೊಡಲಿ.

ಹುಡುಗ ಕೊನೆಗೆ ಅಕ್ಕನ ಹೆಸರು ಬರೆದ. ಪಂಚಮಿಗೆ ತವರಿಗೆ ಬಂದು ಉಂಡಿ ಕಟ್ಟುವ ಅಕ್ಕ ಅವಳು. ಅವಳನ್ನು ಅಪಾಯ ಅನ್ನುವವರು ಯಾವ ಅಪಾಯ ಅಂತ ಬಾಯಿಬಿಟ್ಟು ಹೇಳಲಿ.