ಕಿರಿಯ ಆರ್‌.ಎನ್‌.ಎ.ಯೂ ಹಿರಿಯ ಆಸೆಯೂ

ಕಲಾಶಾಲೆಯ ಸಂಚಿಕೆಯಲ್ಲಿ ಜೀವಶಾಸ್ತ್ರದ ಮಾತೇಕೆಂದು ಮಿತ್ರರು ಹುಬ್ಬೇರಿಸಬಹುದು. ರೋಗವು ನಮ್ಮ ಪಠ್ಯವಿಷಯವನ್ನು ಕೇಳಿಕೊಂಡು ಬರುವುದಿಲ್ಲವಷ್ಟೆ!

2024ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1993ರಲ್ಲಿ ಅವರು ಪ್ರಕಟಿಸಿದ ಸಂಗತಿ ಒಂದು ಮಿಲಿಮೀಟರ್ ಉದ್ದದ ಹುಳುವಿಗೆ ಸಂಬಂಧಿಸಿದ್ದು. ಜೀವಕೋಶದಲ್ಲಿ ಡಿ.ಎನ್‌.ಎ.ಯ ಆಜ್ಞೆಯನ್ನು ಹೊತ್ತೊಯ್ಯುವ ಆರ್‌.ಎನ್‌.ಎ.ಗೆ, ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೋ ಆರ್‌.ಎನ್‌.ಎ. ಅಂಟಿಕೊಂಡು ಆಜ್ಞೆಯನ್ನು ತಡೆಯುತ್ತದೆ. ಸಾಹೇಬರ ಹುಕುಮನ್ನು ಮೇಜಿನ ಮೇಲೆಯೇ ಹಿಡಿದಿಡುವ ಗುಮಾಸ್ತನಂತೆ ಎನ್ನಿ. ಆದರೆ ಈ ಗುಮಾಸ್ತನಿಲ್ಲದಿದ್ದರೆ ಕಚೇರಿಯೇ ಕೆಡುತ್ತದೆ. ವಯಸ್ಸಾದವರಿಗೆ ಬರುವ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಮಿರ್-15 ಮತ್ತು ಮಿರ್-16 ಎಂಬೆರಡು ಬಹುಪಾಲು ರೋಗಿಗಳಲ್ಲಿ ಕಳೆದೋ ಕುಗ್ಗಿಯೋ ಹೋಗಿರುವುದನ್ನು 2002ರಲ್ಲಿ ಕಾರ್ಲೋ ಕ್ರೋಚೆ ಅವರ ತಂಡ ತೋರಿಸಿತು.

ಇವು ರಕ್ತದಲ್ಲಿ ಬೇಗ ಕೆಡದೆ ಉಳಿಯುವುದರಿಂದ, ತುಸು ರಕ್ತದಿಂದಲೇ ರೋಗವನ್ನು ಮೊದಲೇ ಹಿಡಿಯಬಹುದೆಂಬ ಆಸೆ ಹುಟ್ಟಿತು. ಇಲ್ಲಿಯೇ ನನ್ನ ತಕರಾರು. ಅದೇ ಮಿರ್-16 ಕೆಂಪು ಕಣಗಳಲ್ಲಿ ಹೇರಳವಾಗಿದೆ. ರಕ್ತ ತೆಗೆಯುವಾಗ ಕಣಗಳು ಒಡೆದರೆ ರೋಗವಿಲ್ಲದೆಯೂ ಅಂಕಿ ಏರುತ್ತದೆ! ಮಿರ್-21 ಎಂಬುದು ಹಲವು ಕ್ಯಾನ್ಸರುಗಳಲ್ಲಿ ಮಾತ್ರವಲ್ಲದೆ ಬರಿಯ ಉರಿಯೂತದಲ್ಲಿಯೂ ಏರೀತು. ಏನೋ ಆಗಿದೆಯೆಂದು ಹೇಳೀತೇ ಹೊರತು ಏನಾಗಿದೆಯೆಂದು ಹೇಳಲಾರದು. ತಪ್ಪು ವರದಿಯೊಂದು ಕೈಗೆ ಬಂದರೆ ಹೊಲ ಅಡವಿಟ್ಟು ಪಟ್ಟಣದ ಆಸ್ಪತ್ರೆಗೆ ಓಡುವವರು ಯಾರು? ನಮ್ಮಂತಹ ಮನೆಗಳವರೇ ತಾನೆ?

ಚಿಕಿತ್ಸೆಯ ಕಥೆಯಲ್ಲಿ ಸಿಹಿ ಕಹಿ ಎರಡೂ ಉಂಟು. ಹೆಪಟೈಟಿಸ್ ಸಿ ವೈರಸ್ಸು ಬೆಳೆಯಲು ಯಕೃತ್ತಿನ ಮಿರ್-122ನ್ನು ಆಶ್ರಯಿಸುತ್ತದೆ. ಅದನ್ನು ಕಟ್ಟಿಹಾಕುವ ಮಿರಾವಿರ್ಸೆನ್ ಔಷಧದಿಂದ ರೋಗಿಗಳ ರಕ್ತದಲ್ಲಿ ವೈರಸ್ಸು ಇಳಿಯಿತೆಂದು 2013ರಲ್ಲಿ ಪ್ರಕಟವಾಯಿತು. ಆದರೆ ಮಿರ್-34ರ ನಕಲನ್ನು ಕ್ಯಾನ್ಸರ್ ರೋಗಿಗಳಿಗೆ ಕೊಟ್ಟ ಪ್ರಯೋಗವನ್ನು 2016ರಲ್ಲಿ ನಿಲ್ಲಿಸಬೇಕಾಯಿತು. ದೇಹದ ರಕ್ಷಣಾವ್ಯವಸ್ಥೆಯೇ ಕೆರಳಿ ನಾಲ್ವರು ತೀರಿಕೊಂಡರು. ಅವರೂ ಆಸೆಯಿಂದಲೇ ತೋಳು ಚಾಚಿದ್ದರು.

ಸಂಶೋಧನೆ ನಿಲ್ಲಲೆಂದು ನಾನು ಹೇಳುತ್ತಿಲ್ಲ, ಇನ್ನಷ್ಟು ನಡೆಯಲಿ. ಆದರೆ ಒಂದೇ ಕ್ರಮದಲ್ಲಿ ತೆಗೆದ ರಕ್ತಕ್ಕೆ ಬೇರೆ ಬೇರೆ ಆಸ್ಪತ್ರೆಗಳಲ್ಲಿ ಒಂದೇ ಉತ್ತರ ದೊರೆಯುವತನಕ ಇಂತಹ ಪರೀಕ್ಷೆಯನ್ನು ಹಣಕ್ಕೆ ಮಾರಕೂಡದೆಂಬುದು ನನ್ನ ಅಭಿಪ್ರಾಯ. ವಿಜ್ಞಾನ ಬಲ್ಲ ಮಿತ್ರರು ಒಪ್ಪದಿದ್ದರೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸಲಿ.