ಶಾಲು ಹೊದಿಸಿದರೆ ಸಾಕೇ?

ನಮ್ಮಲ್ಲಿ ಸನ್ಮಾನವೆಂದರೆ ಏನೇನಿರಬೇಕು ಎಂಬುದು ನಿಮಗೆ ಗೊತ್ತೇ ಇದೆ. ಒಂದು ಶಾಲು, ಒಂದು ಗಂಧದ ಹಾರ, ಹಣ್ಣಿನ ಬುಟ್ಟಿ, ಫ್ರೇಮು ಹಾಕಿಸಿದ ಬಿನ್ನವತ್ತಳೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮೇಷ್ಟ್ರ ಕೆಲಸ ಮಾಡಿದ ನಾನು ಇಂಥ ಎಷ್ಟು ಸಮಾರಂಭಗಳಿಗೆ ಪ್ರಾರ್ಥನೆ ಹಾಡಿಸಿದ್ದೇನೋ, ಎಷ್ಟು ವಂದನಾರ್ಪಣೆ ಮಾಡಿದ್ದೇನೋ ಲೆಕ್ಕವಿಲ್ಲ. ಇದಕ್ಕಿಂತ ಬೇರೆ ರೀತಿಯ ಸನ್ಮಾನವೂ ಇರಬಹುದೆಂದು ನನಗೆ ಹೊಳೆದದ್ದು ಅಮೆರಿಕದಲ್ಲಿ, ಅದೂ ಒಂದು ಆಟದ ಮೈದಾನದಲ್ಲಿ ಎಂದರೆ ನಗಬೇಡಿ.

2019ರಲ್ಲಿ ಮಗಳ ಬಾಣಂತನಕ್ಕೆಂದು ರಜೆ ಹಾಕಿ ನ್ಯೂಜೆರ್ಸಿಗೆ ಹೋಗಿದ್ದೆ. ಜೂನ್ 23, ಭಾನುವಾರ. "ಅಮ್ಮ, ಎರಡು ತಿಂಗಳಿಂದ ಮೆಂತ್ಯದ ಗಂಜಿ, ಮಗುವಿನ ಬಟ್ಟೆ ಇಷ್ಟರಲ್ಲೇ ಇದ್ದೀಯ, ಇವರ ಜೊತೆ ಹೋಗಿ ಬಾ" ಎಂದು ಮಗಳು ಬಲವಂತ ಮಾಡಿ ಕಳಿಸಿದಳು. ಅಳಿಯಂದಿರಿಗೆ ಬೇಸ್‌ಬಾಲ್ ಹುಚ್ಚು. ರೈಲು ಬದಲಾಯಿಸಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಯಾಂಕಿ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. "ಅತ್ತೆ, ಇವತ್ತು ಆಟಕ್ಕಿಂತ ಮುಂಚೆ ಹಳಬರನ್ನು ಕರೆದು ಗೌರವಿಸುತ್ತಾರೆ. ನಿಮಗೆ ಹಿಡಿಸುತ್ತೆ" ಎಂದರು.

ನ್ಯೂಯಾರ್ಕ್ ಯಾಂಕೀಸ್ ತಂಡದವರು ಈ 'ಓಲ್ಡ್ ಟೈಮರ್ಸ್ ಡೇ'ಯನ್ನು 1947ರಿಂದ ಹೆಚ್ಚುಕಡಿಮೆ ಪ್ರತಿವರ್ಷವೂ ನಡೆಸುತ್ತ ಬಂದಿದ್ದಾರೆ. ಅದರ ಬೇರು ಇನ್ನೂ ಹಿಂದಿನದು. ಲೂ ಗೆರಿಗ್ ಎಂಬ ದೊಡ್ಡ ಆಟಗಾರನಿಗೆ ಕೈಕಾಲಿನ ಶಕ್ತಿ ಕುಗ್ಗಿಸುವ, ಮದ್ದಿಲ್ಲದ ನರರೋಗ ಬಂದಾಗ, 1939ರ ಜುಲೈ 4ರಂದು ಅವನ ಹಳೆಯ ಜೊತೆಗಾರರನ್ನೆಲ್ಲ ಕರೆಸಿ ಮೈದಾನದಲ್ಲೇ ಬೀಳ್ಕೊಟ್ಟರು. ಅವನು ತೊಡುತ್ತಿದ್ದ 4ನೇ ನಂಬರನ್ನು ಆ ತಂಡದಲ್ಲಿ ಮತ್ತಾರಿಗೂ ಕೊಡಲಿಲ್ಲ. ಎರಡೇ ವರ್ಷದಲ್ಲಿ ಅವನು ತೀರಿಕೊಂಡ. ಈಗ ಆ ತಂಡದಲ್ಲಿ 1ರಿಂದ 10ರವರೆಗಿನ ನಂಬರುಗಳೆಲ್ಲ ಹೀಗೆ ಹಿರಿಯರ ಹೆಸರಿಗೆ ಮೀಸಲಾಗಿಹೋಗಿವೆಯಂತೆ.

ಧ್ವನಿವರ್ಧಕದಲ್ಲಿ ಒಬ್ಬೊಬ್ಬರ ಹೆಸರೂ ಕರೆಯುತ್ತಿದ್ದಂತೆ ಹಳೆಯ ಆಟಗಾರರು ಅದೇ ಸಮವಸ್ತ್ರ ತೊಟ್ಟು ಹೊರಗೆ ಬಂದರು. ಹೊಟ್ಟೆ ಬಂದವರು, ತಲೆ ಬೋಳಾದವರು, ಮಂಡಿ ಹಿಡಿದುಕೊಂಡು ನಡೆಯುವವರು. ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಮುದುಕರೊಬ್ಬರು ಪ್ರತಿ ಹೆಸರಿಗೂ ಎದ್ದು ನಿಲ್ಲುತ್ತಿದ್ದರು. ಆಮೇಲೆ ಆ ಹಿರಿಯರೇ ಸ್ವಲ್ಪ ಹೊತ್ತು ಆಡಿಯೂ ಆಡಿದರು. ಮರಿಯಾನೊ ರಿವೇರಾ ಎಂಬಾತ ತನ್ನ ಕಾಲದಲ್ಲೆಲ್ಲ ಚೆಂಡು ಎಸೆಯುವುದಕ್ಕೆ ಹೆಸರಾದವರಂತೆ. ಅವತ್ತು ಬ್ಯಾಟು ಹಿಡಿದು ಚೆಂಡನ್ನು ದೂರ ಅಟ್ಟಿ, ನಾಲ್ಕೂ ಬೇಸುಗಳನ್ನು ಸುತ್ತಿ ಓಡಿಬಂದರು. ಏನೂ ತಿಳಿಯದ ನಾನೂ ಚಪ್ಪಾಳೆ ತಟ್ಟಿದೆ.

ಆದರೆ ನನ್ನ ಕಣ್ಣು ನೆಟ್ಟಿದ್ದು ಬೇರೆ ಕಡೆ. ಆಟಗಾರರ ಜೊತೆ ಕೆಲವು ವಯಸ್ಸಾದ ಹೆಂಗಸರನ್ನೂ ಹೆಸರು ಹಿಡಿದು ಕರೆದರು. "ಇವರೂ ಆಡಿದವರಾ?" ಎಂದೆ. "ಇಲ್ಲ ಅತ್ತೆ, ತೀರಿಕೊಂಡ ಆಟಗಾರರ ಹೆಂಡತಿಯರು" ಎಂದರು ಅಳಿಯಂದಿರು. ಬೇಬ್ ರೂತ್‌ರ ಪತ್ನಿ ಕ್ಲೇರ್, ಗೆರಿಗ್‌ರ ಪತ್ನಿ ಎಲೀನರ್ ಅವರ ಕಾಲದಿಂದಲೂ ಇದು ನಡೆದುಬಂದಿದೆಯಂತೆ. ವಿಮಾನ ಅಪಘಾತದಲ್ಲಿ 1979ರಲ್ಲಿ ಸತ್ತ ಥರ್ಮನ್ ಮನ್ಸನ್ ಎಂಬ ನಾಯಕನ ಹೆಂಡತಿ ಡಯಾನಾ ಅವರನ್ನು ಎಷ್ಟೋ ವರ್ಷ ಹೀಗೆ ಕರೆಸಿದ್ದಾರೆ. ಒಳ್ಳೆಯ ಬಣ್ಣದ ಬಟ್ಟೆ ತೊಟ್ಟು, ತಲೆಯೆತ್ತಿ, ಕೈಬೀಸಿ ನಿಂತ ಆ ಹೆಂಗಸರಿಗೆ ಸಾವಿರಾರು ಜನ ಎದ್ದು ಚಪ್ಪಾಳೆ ಹೊಡೆದರು.

ನನ್ನ ಗಂಟಲು ಕಟ್ಟಿತು. ಯಾಕೆಂದು ಹೇಳಿಬಿಡುತ್ತೇನೆ. ಒಂದು ಶಾಲೆಯ ಬೆಳ್ಳಿಹಬ್ಬ. ಅದನ್ನು ಕಟ್ಟಿ ಬೆಳೆಸಿದ ಹೆಡ್‌ಮಾಸ್ಟರು ತೀರಿಕೊಂಡಿದ್ದರು. ಅವರ ಫೋಟೋ ವೇದಿಕೆಯ ಮೇಲೆ, ಮಲ್ಲಿಗೆ ಹಾರ, ಊದಿನಕಡ್ಡಿ ಎಲ್ಲ ಇತ್ತು. ಅವರ ಹೆಂಡತಿ ಪೆಂಡಾಲಿನ ಕೊನೆಯ ಸಾಲಿನ ಕಬ್ಬಿಣದ ಕುರ್ಚಿಯಲ್ಲಿದ್ದರು. ಹಾಸ್ಟೆಲ್ಲಿಗೆ ಅಕ್ಕಿ ಸಾಲದಾದಾಗ ತಮ್ಮ ಮನೆಯ ಡಬ್ಬಿಯಿಂದ ಅಳೆದುಕೊಟ್ಟ ಹೆಂಗಸು ಅವರು! ದೀಪ ಹಚ್ಚುವುದಕ್ಕೆ ಅವರನ್ನು ಕರೆಯೋಣವೆಂದು ನಾನು ಹೇಳಿದಾಗ, "ಶುಭಕಾರ್ಯ ನೋಡಿ ಮೇಡಂ..." ಎಂದು ಕಮಿಟಿಯವರು ಮಾತು ನುಂಗಿದರು. ಆಗ ನನ್ನ ಯಜಮಾನರು ಇದ್ದರು. ನಾನೂ ಸುಮ್ಮನಾದೆ. ಅದಾದ ಆರು ವರ್ಷಕ್ಕೆ ಅವರೂ ಹೋದರು. ಶ್ರಾವಣದ ಶುಕ್ರವಾರ ನಮ್ಮ ಬೀದಿಯ ಅರಿಶಿನ ಕುಂಕುಮದ ಕರೆ ನನ್ನ ಮನೆ ದಾಟಿ ಪಕ್ಕದ ಮನೆಗೆ ಹೋಗತೊಡಗಿದಾಗ ಆ ಕೊನೆಯ ಸಾಲಿನ ಕುರ್ಚಿ ಎಷ್ಟು ಗಟ್ಟಿಯೆಂದು ತಿಳಿಯಿತು.

ವಾಪಸು ಬರುವಾಗ ರೈಲಿನಲ್ಲಿ ಆ ದೇಶವನ್ನು ಹೊಗಳಿದ್ದೇ ಹೊಗಳಿದ್ದು. ಅಳಿಯಂದಿರು ಪ್ರಾಮಾಣಿಕರು. "ಅತ್ತೆ, ಅಷ್ಟು ಬೇಗ ಹಾರ ಹಾಕಬೇಡಿ" ಎಂದು ಇನ್ನೊಂದು ಕಥೆ ಹೇಳಿದರು.

ಅಮೆರಿಕದ ಈ ಮೇಜರ್ ಲೀಗಿನಲ್ಲಿ ಮೊದಲು ನಾಲ್ಕು ವರ್ಷ ಆಡಿದವರಿಗೆ ಮಾತ್ರ ಪಿಂಚಣಿ. 1980ರಲ್ಲಿ ನಿಯಮ ಬದಲಾಗಿ, 43 ದಿನ ತಂಡದಲ್ಲಿದ್ದರೂ ಪಿಂಚಣಿಯ ಹಕ್ಕು ಬಂತು. ಆದರೆ ಅದು ಹಿಂದಿನವರಿಗೆ ಅನ್ವಯಿಸಲಿಲ್ಲ. ಎರಡೋ ಮೂರೋ ವರ್ಷ ಆಡಿ, ತೋಳು ಉಳುಕಿ ಮನೆಗೆ ಹೋದವರು ಕೈ ಖಾಲಿಯಲ್ಲೇ ಉಳಿದರು. 2011ರಲ್ಲಿ ಕೊನೆಗೂ ಅವರಿಗೆ ಪ್ರತಿ 43 ದಿನದ ಸೇವೆಗೆ ವರ್ಷಕ್ಕೆ 625 ಡಾಲರಿನಂತೆ, ಹೆಚ್ಚೆಂದರೆ 10,000 ಡಾಲರ್ ಕೊಡಲು ಒಪ್ಪಿದರು. 2022ರಲ್ಲಿ ಅದನ್ನು ಶೇಕಡಾ 15ರಷ್ಟು ಹೆಚ್ಚಿಸಿದರೆಂದು ಈಚೆಗೆ ಅಳಿಯಂದಿರೇ ತಿಳಿಸಿದರು. ಆದರೆ ಆ ಹಣ ಆಟಗಾರ ಸತ್ತ ದಿನಕ್ಕೆ ಮುಗಿಯಿತು. ಹೆಂಡತಿಗೆ ಬರುವುದಿಲ್ಲ.

ನೋಡಿದಿರಾ? ಮೈದಾನಕ್ಕೆ ಕರೆಯುವುದು ದೊಡ್ಡ ಹೆಸರಿನವರ ಹೆಂಡತಿಯರನ್ನು. ಸಣ್ಣ ಆಟಗಾರನಿಗೆ ಮುಲಾಮು ಹಚ್ಚಿ, ಸೋತು ಬಂದವನಿಗೆ ಅನ್ನ ಇಕ್ಕಿ, ಅವನು ಹಾಸಿಗೆ ಹಿಡಿದಾಗ ನೋಡಿಕೊಂಡವಳಿಗೆ ಚಪ್ಪಾಳೆಯೂ ಇಲ್ಲ, ಚೆಕ್ಕೂ ಇಲ್ಲ. ಗೌರವವನ್ನು ವರ್ಷಕ್ಕೊಂದು ದಿನದ ಉತ್ಸವ ಮಾಡಿಕೊಂಡರೆ ಹೀಗೇ ಆಗುತ್ತದೆ. ಮೆರವಣಿಗೆ ಕಣ್ಣಿಗೆ ಕಾಣುತ್ತದೆ, ನಿಯಮದ ಪುಸ್ತಕದಲ್ಲಿರುವ ಒಂದು ಸಾಲು ಯಾರಿಗೂ ಕಾಣುವುದಿಲ್ಲ.

"ಗೌರವವನ್ನು ದುಡ್ಡಿನಿಂದ ಅಳೆಯಬಾರದು" ಎನ್ನುವವರಿದ್ದಾರೆ. ಈ ಮಾತನ್ನು ನಾನು ಕೇಳಿರುವುದು ಯಾವಾಗಲೂ ತಿಂಗಳ ಮೊದಲ ತಾರೀಖು ಕೈತುಂಬ ಹಣ ಎಣಿಸುವವರ ಬಾಯಲ್ಲಿ. ನನ್ನ ಯಜಮಾನರು ಸರ್ಕಾರಿ ನೌಕರರಾಗಿದ್ದರು. ಅವರು ಹೋದ ಮೇಲೆ ನನಗೆ ಕುಟುಂಬ ಪಿಂಚಣಿ ಬಂತು. ಮಗಳ ಓದು ಅದರಲ್ಲೇ ಮುಗಿಯಿತು. ಆಮೇಲೆ ಯಾರು ಕುಂಕುಮಕ್ಕೆ ಕರೆದರೂ ಬಿಟ್ಟರೂ, ನಾನು ಯಾರ ಮನೆಯ ಬಾಗಿಲಲ್ಲೂ ಸೆರಗೊಡ್ಡಿ ನಿಲ್ಲಲಿಲ್ಲ. ಆ ಸಣ್ಣ ಪುಸ್ತಕ ನನಗೆ ಕೊಟ್ಟ ಮರ್ಯಾದೆಯನ್ನು ಹತ್ತು ಶಾಲು ಕೊಡಲಾರವು. ಹಾಗೆಂದು ಹಣವೊಂದಿದ್ದರೆ ಸಾಕೆಂದೂ ಅಲ್ಲ. ಪಿಂಚಣಿ ಬರುತ್ತಿದ್ದರೂ ಆ ಶುಕ್ರವಾರಗಳ ಸಂಜೆ ನಾನು ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಮನುಷ್ಯರಿಗೆ ಎರಡೂ ಬೇಕು: ನಾಲ್ಕು ಜನರ ಮುಂದೆ ಹೆಸರು ಹಿಡಿದು ಕರೆಯಬೇಕು, ಮನೆಯಲ್ಲಿ ಅಕ್ಕಿ ಡಬ್ಬಿ ತುಂಬಿರಬೇಕು. ಅಲ್ಲಿಯವರು ಮೊದಲನೆಯದನ್ನು ಕೆಲವರಿಗಾದರೂ ಮಾಡುತ್ತಾರೆ. ನಾವು ಎಷ್ಟೋ ಕಡೆ ಎರಡನ್ನೂ ಮಾಡುವುದಿಲ್ಲ.

ನನ್ನ ಗೆಳತಿಯೊಬ್ಬಳು ಅನುದಾನವಿಲ್ಲದ ಶಾಲೆಯೊಂದರಲ್ಲಿ 27 ವರ್ಷ ಗಣಿತ ಹೇಳಿದಳು. ನಿವೃತ್ತಿಯ ದಿನ ಅವಳಿಗೆ ಶಾಲು, ಸ್ಟೀಲಿನ ಕೊಡ, ಮೂರು ಭಾಷಣ. ಪಿಂಚಣಿ ಇಲ್ಲ. ಈಗ ಮನೆಯ ಜಗಲಿಯಲ್ಲಿ ಪಾಠ ಹೇಳಿ ಬದುಕುತ್ತಿದ್ದಾಳೆ. "ಶಾಲು ಏನಾಯಿತೇ?" ಎಂದು ಕೇಳಿದೆ. "ಹೊಲಿಗೆ ಮೆಷಿನ್ನಿಗೆ ಹೊದಿಸಿದ್ದೀನಿ ಕಣೇ, ಧೂಳು ಕೂರಲ್ಲ" ಎಂದಳು.

ಬರುವ ವರ್ಷ ನನ್ನದೂ ನಿವೃತ್ತಿ. ಬೀಳ್ಕೊಡುಗೆಗೆ ಏನೇನು ಬೇಕೆಂದು ಸಹೋದ್ಯೋಗಿಗಳು ಈಗಲೇ ಕೇಳುತ್ತಿದ್ದಾರೆ. ನಾನು ಹೇಳಿದ್ದು ಇಷ್ಟೆ. ನನಗೆ ಶಾಲು ಬೇಡ. ಹಳೆಯ ಹೆಡ್‌ಮಾಸ್ಟರ ಹೆಂಡತಿ ಇನ್ನೂ ಇದ್ದಾರೆ, ಅವರ ಕೈಯಲ್ಲಿ ದೀಪ ಹಚ್ಚಿಸಿ. ಶಾಲು ಹಾರದ ಖರ್ಚಿನಲ್ಲಿ, ಬಿಸಿಯೂಟದ ಅಡುಗೆಯವರಿಂದ ಹಿಡಿದು ನಮ್ಮಲ್ಲಿ ದುಡಿಯುವ ಹೆಂಗಸರೆಲ್ಲ ಕುಳಿತು, ಯಾರಿಗೆ ಯಾವ ಹಕ್ಕಿನ ಹಣ ಬರಬೇಕು, ಅದಕ್ಕೆ ಯಾವ ಕಾಗದ ಬೇಕು ಎಂದು ತಿಳಿದವರಿಂದ ಕೇಳಿಕೊಳ್ಳೋಣ. ಕಮಿಟಿಯವರು ಇನ್ನೂ ಉತ್ತರ ಕೊಟ್ಟಿಲ್ಲ. ಈ ಸಲ ಅವರು ಮಾತು ನುಂಗಿದರೆ ನಾನು ಸುಮ್ಮನಿರುವವಳಲ್ಲ. ನಿಮ್ಮೂರಿನಲ್ಲೂ ಸನ್ಮಾನಗಳು ನಡೆಯುತ್ತವಲ್ಲ, ಮುಂದಿನ ಸಲ ಹೋದಾಗ ಒಮ್ಮೆ ಹಿಂದೆ ತಿರುಗಿ ಕೊನೆಯ ಸಾಲಿನಲ್ಲಿ ಯಾರು ಕುಳಿತಿದ್ದಾರೆಂದು ನೋಡಿ.