ಪುಸ್ತಕವನ್ನು ಪೂರ್ತಿ ಓದಿದ್ದೀರಾ?

ಮಗಳು ಸಾರ್ವಜನಿಕ ಗ್ರಂಥಾಲಯದಿಂದ ಒಂದು ಪುಸ್ತಕ ತರುತ್ತಾಳೆ. ಅದರ ಪುಟಗಳನ್ನು ತಿರುವುತ್ತಿದ್ದ ತಾಯಿಯ ದೃಷ್ಟಿ ಒಂದು ಚಿತ್ರದ ಮೇಲೋ ಒಂದು ವಾಕ್ಯದ ಮೇಲೋ ನಿಲ್ಲುತ್ತದೆ. ಮನೆಯಲ್ಲಿ ನಾವು ಕಲಿಸುತ್ತಿರುವ ಲಜ್ಜೆಗೂ ವಿಶ್ವಾಸಕ್ಕೂ ಅದು ಹೊಂದುವುದಿಲ್ಲ. ಈಗ ಏನು ಮಾಡಬೇಕು? ಆ ಪುಟದ ಚಿತ್ರ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸುವುದು ನಮಗೆ ಮೊದಲು ಹೊಳೆಯುವ ದಾರಿ. ಸಂಜೆಯ ಹೊತ್ತಿಗೆ ಆ ಪುಟ ನೂರು ಮನೆಗಳನ್ನು ತಲುಪಿರುತ್ತದೆ. ಪುಸ್ತಕವನ್ನು ಮಾತ್ರ ಯಾರೂ ಓದಿರುವುದಿಲ್ಲ.

ಇಂತಹ ಪ್ರಶ್ನೆ ಇಂದು ಅಮೆರಿಕದಲ್ಲಿ ದೊಡ್ಡ ಸಾರ್ವಜನಿಕ ವಿವಾದವಾಗಿ ಬೆಳೆದಿದೆ. ನಮ್ಮ ನಾಡಿನ ಎಷ್ಟೋ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಅಲ್ಲಿ ಬೆಳೆಯುತ್ತಿದ್ದಾರೆ. ಅಲ್ಲಿನ ಗ್ರಂಥಾಲಯಗಳು ಒಂದು ಪುಸ್ತಕದ ಮೇಲೆ ಬರುವ ಆಕ್ಷೇಪವನ್ನು ಹೇಗೆ ವಿಚಾರಿಸುತ್ತವೆ ಎಂಬುದನ್ನು ತಿಳಿಯುವುದು ಅವರಿಗಷ್ಟೇ ಅಲ್ಲ, ನಮಗೂ ಪ್ರಯೋಜನಕಾರಿ. ಏಕೆಂದರೆ ಈ ವಿವಾದದಲ್ಲಿ ಮುಸ್ಲಿಮರು ಎರಡೂ ಬದಿಗಳಲ್ಲಿ ನಿಂತಿದ್ದಾರೆ.

ಮೊದಲು ಕ್ರಮವನ್ನು ನೋಡೋಣ. ಉತ್ತಮವಾಗಿ ನಡೆಯುವ ಸಾರ್ವಜನಿಕ ಗ್ರಂಥಾಲಯದಲ್ಲಿ ಯಾವ ಆಧಾರದ ಮೇಲೆ ಪುಸ್ತಕಗಳನ್ನು ಆರಿಸಲಾಗುತ್ತದೆ ಎಂಬ ಲಿಖಿತ ನೀತಿ ಇರುತ್ತದೆ. ಆಕ್ಷೇಪವಿರುವ ಓದುಗರು ಮೊದಲು ಗ್ರಂಥಪಾಲಕರೊಂದಿಗೆ ಮಾತನಾಡುತ್ತಾರೆ. ಅಲ್ಲಿಗೆ ಸಮಾಧಾನವಾಗದಿದ್ದರೆ ಒಂದು ಅರ್ಜಿಯನ್ನು ತುಂಬುತ್ತಾರೆ. ನಿಮ್ಮ ಆಕ್ಷೇಪ ಯಾವ ಭಾಗದ ಬಗ್ಗೆ? ಕಾರಣವೇನು? ಏನು ಮಾಡಬೇಕೆಂದು ಬಯಸುತ್ತೀರಿ? ಇದೇ ವಿಷಯದ ಮೇಲೆ ಬೇರೆ ಯಾವ ಪುಸ್ತಕವನ್ನು ಸೂಚಿಸುತ್ತೀರಿ? ಇಂತಹ ಪ್ರಶ್ನೆಗಳ ನಡುವೆ ಸಾಮಾನ್ಯವಾಗಿ ಇನ್ನೊಂದು ಸರಳ ಪ್ರಶ್ನೆ ಇರುತ್ತದೆ: ಪುಸ್ತಕವನ್ನು ಪೂರ್ತಿ ಓದಿದ್ದೀರಾ?

ಅರ್ಜಿ ಬಂದ ಬಳಿಕ ಒಂದು ಸಮಿತಿ ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕು. ವಿಮರ್ಶೆಗಳನ್ನು ನೋಡಬೇಕು. ಬಿಡಿ ವಾಕ್ಯವನ್ನಲ್ಲ, ಇಡೀ ಕೃತಿಯನ್ನು ತೂಗಬೇಕು. ವಿಚಾರಣೆ ಮುಗಿಯುವವರೆಗೆ ಪುಸ್ತಕ ಕಪಾಟಿನಲ್ಲಿಯೇ ಇರಬೇಕು ಎಂಬುದು ಗ್ರಂಥಪಾಲಕರು ಒಪ್ಪಿಕೊಂಡು ಬಂದಿರುವ ನಿಯಮ. ಕೊನೆಗೆ ಪುಸ್ತಕವನ್ನು ಇದ್ದಲ್ಲಿಯೇ ಉಳಿಸಬಹುದು, ಮಕ್ಕಳ ವಿಭಾಗದಿಂದ ಹಿರಿಯರ ವಿಭಾಗಕ್ಕೆ ಸಾಗಿಸಬಹುದು, ತೆಗೆದೂ ಹಾಕಬಹುದು. ಆದರೆ ನಿರ್ಣಯವನ್ನು ಕಾರಣಸಹಿತ ಬರವಣಿಗೆಯಲ್ಲಿ ತಿಳಿಸಬೇಕು. ಒಪ್ಪಿಗೆಯಾಗದವರು ಗ್ರಂಥಾಲಯದ ಆಡಳಿತ ಮಂಡಳಿಗೆ ಮೇಲ್ಮನವಿ ಸಲ್ಲಿಸಬಹುದು. ಮಂಡಳಿಯ ಸಭೆ ಬಹಿರಂಗವಾಗಿ ನಡೆಯುತ್ತದೆ.

ಈ ಕ್ರಮ ನಮಗೆ ಅಪರಿಚಿತವಾಗಬಾರದು. ಸುದ್ದಿಯೊಂದು ಬಂದಾಗ ಪರಿಶೀಲಿಸದೆ ಯಾರಿಗೂ ಹಾನಿಯುಂಟುಮಾಡಬಾರದೆಂದು ಸೂರಃ ಅಲ್ ಹುಜುರಾತ್ ನಮ್ಮನ್ನು ಎಚ್ಚರಿಸಿದೆ. ಹಝ್ರತ್ ಅಲಿ(ರ)ಯವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳುಹಿಸುವಾಗ, ಎರಡನೆಯ ಪಕ್ಷದ ಮಾತನ್ನೂ ಕೇಳುವವರೆಗೆ ತೀರ್ಪು ನೀಡಬಾರದೆಂದು ಪ್ರವಾದಿ(ಸ)ಯವರು ಉಪದೇಶಿಸಿದರು. ಪುಸ್ತಕದ ವಿಷಯದಲ್ಲಿ ಎರಡನೆಯ ಪಕ್ಷವೆಂದರೆ ಪುಸ್ತಕದ ಉಳಿದ ಪುಟಗಳು.

ಈ ಕ್ರಮ ಸುಲಭವಾಗಿ ಬಂದುದಲ್ಲ. 1938ರಲ್ಲಿ ಅಯೋವಾ ರಾಜ್ಯದ ಡೆ ಮೊಯ್ನ್ ನಗರದ ಗ್ರಂಥಾಲಯವು ತನ್ನ ನಿರ್ದೇಶಕ ಫಾರೆಸ್ಟ್ ಸ್ಪಾಲ್ಡಿಂಗ್ ಸಿದ್ಧಪಡಿಸಿದ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಯುರೋಪಿನಲ್ಲಿ ಪುಸ್ತಕಗಳನ್ನು ಬೆಂಕಿಗೆ ಎಸೆಯುತ್ತಿದ್ದ ಕಾಲವದು. ಮರುವರ್ಷ, 1939ರ ಜೂನ್‌ನಲ್ಲಿ, ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಅದೇ ಮಾದರಿಯ ಘೋಷಣೆಯನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ಸ್ವೀಕರಿಸಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ಅದರ ಪರೀಕ್ಷೆಯೂ ಆಯಿತು. ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಆಡಳಿತಗಾರರು ಜಾನ್ ಸ್ಟೈನ್‌ಬೆಕ್ ಅವರ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಕೌಂಟಿಯ ಶಾಲೆ ಹಾಗೂ ಗ್ರಂಥಾಲಯಗಳಿಂದ ಹೊರಹಾಕಿದರು. ಬರದಿಂದ ನೆಲೆ ಕಳೆದುಕೊಂಡು ವಲಸೆ ಬಂದ ಕೃಷಿ ಕಾರ್ಮಿಕರ ಪಾಡನ್ನು ಹೇಳಿದ ಆ ಕಾದಂಬರಿ ಅಲ್ಲಿನ ದೊಡ್ಡ ಭೂಮಾಲಕರನ್ನು ಕೆರಳಿಸಿತ್ತು. ಮುಖ್ಯ ಗ್ರಂಥಪಾಲಕಿ ಗ್ರೆಚೆನ್ ನೀಫ್ ಆಡಳಿತಗಾರರಿಗೆ ಪತ್ರ ಬರೆದರು. ಇಂದು ಈ ಪುಸ್ತಕವಾದರೆ ನಾಳೆ ಯಾವ ಪುಸ್ತಕ ಎಂಬುದೇ ಅವರ ಪ್ರಶ್ನೆಯ ಸಾರ. ಆದೇಶವನ್ನು ಅವರು ಪಾಲಿಸಿದರು, ಆದರೆ ಪ್ರತಿಗಳನ್ನು ಕಪಾಟಿನಲ್ಲಿ ಕೊಳೆಯಲು ಬಿಡದೆ ರಾಜ್ಯದ ಇತರ ಗ್ರಂಥಾಲಯಗಳಿಗೆ ಎರವಲು ಕೊಟ್ಟರು. ನಿಷೇಧ 1941ರಲ್ಲಿ ತೆರವಾಯಿತು.

ಇನ್ನು ನಮ್ಮವರ ಕಡೆಗೆ ಬರೋಣ. ಮುಂದಿನ ಎರಡು ಪ್ರಸಂಗಗಳು ಶಾಲೆಗಳಿಗೆ ಸಂಬಂಧಿಸಿದವು. ಶಾಲೆಯ ಹೊಣೆ ಸಾರ್ವಜನಿಕ ಗ್ರಂಥಾಲಯದ ಹೊಣೆಗಿಂತ ಭಿನ್ನ, ಏಕೆಂದರೆ ಅಲ್ಲಿ ಮಕ್ಕಳು ಪೋಷಕರಿಲ್ಲದೆ ಇರುತ್ತಾರೆ. ಆದರೂ ಎರಡರಿಂದಲೂ ಸಿಗುವ ಪಾಠ ಒಂದೇ.

2022ರ ಅಕ್ಟೋಬರ್‌ನಲ್ಲಿ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ನಗರದಲ್ಲಿ ಶಾಲಾ ಮಂಡಳಿಯ ಸಭೆಗೆ ನೂರಾರು ಜನ ಸೇರಿದರು. ಅವರಲ್ಲಿ ಬಹಳಷ್ಟು ಮಂದಿ ಅರಬ್ ಮೂಲದ ಮುಸ್ಲಿಮ್ ಪೋಷಕರು. ಶಾಲಾ ಗ್ರಂಥಾಲಯದ ಕೆಲವು ಪುಸ್ತಕಗಳಲ್ಲಿನ ಲೈಂಗಿಕ ವಿವರಗಳು ತಮ್ಮ ಮಕ್ಕಳ ವಯಸ್ಸಿಗೆ ತಕ್ಕುದಲ್ಲ ಎಂಬುದು ಅವರ ದೂರಾಗಿತ್ತು. ಕೆಲವು ಪುಸ್ತಕಗಳನ್ನು ಪರಿಶೀಲನೆಗಾಗಿ ತಾತ್ಕಾಲಿಕವಾಗಿ ತಡೆಹಿಡಿಯಲಾಯಿತು. ಆ ಪೋಷಕರ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಮಕ್ಕಳು ಅಲ್ಲಾಹನು ನಮಗೊಪ್ಪಿಸಿದ ಅಮಾನತ್ತು. ಅವರ ಕಣ್ಣಿಗೆ ಏನು ಬೀಳುತ್ತದೆ ಎಂದು ಕೇಳದ ಪೋಷಕರು ತಮ್ಮ ಹೊಣೆಯನ್ನು ಮರೆತವರು. ಆ ಪ್ರಶ್ನೆ ಕೇಳಿದವರನ್ನೆಲ್ಲ ಜ್ಞಾನದ ಶತ್ರುಗಳೆಂದು ಬಣ್ಣಿಸುವುದು ಅನ್ಯಾಯ. ದೂರನ್ನು ಕೇಳಿದಂತೆ ನಟಿಸಿ ಬದಿಗಿಡುವ ಗ್ರಂಥಾಲಯವೂ ತನ್ನ ಕ್ರಮಕ್ಕೆ ದ್ರೋಹ ಬಗೆಯುತ್ತದೆ.

ಆದರೆ ಇನ್ನೊಂದು ಪ್ರಸಂಗವನ್ನೂ ಅದರ ಪಕ್ಕದಲ್ಲಿಡಬೇಕು. ಪೆನ್ಸಿಲ್ವೇನಿಯಾದ ಸೆಂಟ್ರಲ್ ಯಾರ್ಕ್ ಶಾಲಾ ಜಿಲ್ಲೆಯಲ್ಲಿ 2020ರ ಕೊನೆಯಲ್ಲಿ ಪುಸ್ತಕಗಳ ಮತ್ತು ಇತರ ಸಾಮಗ್ರಿಗಳ ಉದ್ದನೆಯ ಪಟ್ಟಿಯೊಂದನ್ನು ಇಡಿಯಾಗಿ ತಡೆಹಿಡಿಯಲಾಯಿತು. ಜನಾಂಗ ಮತ್ತು ವೈವಿಧ್ಯವನ್ನು ಕುರಿತ ಆ ಪಟ್ಟಿಯಲ್ಲಿ 'ದ ಪ್ರೌಡೆಸ್ಟ್ ಬ್ಲೂ' ಎಂಬ ಮಕ್ಕಳ ಚಿತ್ರಪುಸ್ತಕವೂ ಇತ್ತು. ಅಕ್ಕ ಮೊದಲ ದಿನ ನೀಲಿ ಹಿಜಾಬ್ ಧರಿಸಿ ಶಾಲೆಗೆ ಹೋಗುವುದನ್ನು ತಂಗಿಯೊಬ್ಬಳು ಹೆಮ್ಮೆಯಿಂದ ನೋಡುವ ಕಥೆಯದು. ಬರೆದವರಲ್ಲೊಬ್ಬರು ಇಬ್ತಿಹಾಜ್ ಮುಹಮ್ಮದ್. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಹಿಜಾಬ್ ಧರಿಸಿ ಅಮೆರಿಕವನ್ನು ಪ್ರತಿನಿಧಿಸಿ, ಕತ್ತಿವರಸೆಯ ತಂಡ ಸ್ಪರ್ಧೆಯಲ್ಲಿ ಕಂಚು ಗೆದ್ದವರು. ಅವರ ಪುಸ್ತಕದಲ್ಲಿ ಲಜ್ಜೆಗೆಡುವಂಥದ್ದು ಏನೂ ಇರಲಿಲ್ಲ. ವಿದ್ಯಾರ್ಥಿಗಳು ಪ್ರತಿಭಟಿಸಿದ ಬಳಿಕ, 2021ರ ಸೆಪ್ಟೆಂಬರ್‌ನಲ್ಲಿ ಮಂಡಳಿ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು.

ಈ ಎರಡು ಪ್ರಸಂಗಗಳ ನಡುವೆ ನಿಂತು ನಾವು ಯೋಚಿಸಬೇಕು. ಓದದೆಯೇ, ಕಾರಣ ಹೇಳದೆಯೇ, ಸಭೆಯಲ್ಲಿ ಸೇರಿದ ಜನರ ಸಂಖ್ಯೆಯಿಂದಲೇ ಪುಸ್ತಕ ತೆಗೆಯಬಹುದೆಂಬ ಬಾಗಿಲನ್ನು ನಾವು ತೆರೆದರೆ, ಆ ಬಾಗಿಲಿನಿಂದ ಮುಂದಿನ ಬಾರಿ ಹೊರಹೋಗುವುದು ಯಾರ ಪುಸ್ತಕ? ಅಲ್ಪಸಂಖ್ಯಾತರ ಕೈಯಲ್ಲಿ ಸಂಖ್ಯಾಬಲವಿಲ್ಲ. ಅವರ ಪಾಲಿಗೆ ಕ್ರಮವೇ ಬಲ. ಕ್ರಮವನ್ನು ಮುರಿಯುವವರಲ್ಲಿ ನಾವು ಕೊನೆಯವರೂ ಆಗಿರಬಾರದು.

ಅಂಕಿಅಂಶಗಳೂ ಇದನ್ನೇ ಸೂಚಿಸುತ್ತವೆ. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್‌ನ ದಾಖಲೆಯ ಪ್ರಕಾರ ಗ್ರಂಥಾಲಯಗಳಲ್ಲಿ ಆಕ್ಷೇಪಕ್ಕೊಳಗಾದ ಪುಸ್ತಕಗಳ ಸಂಖ್ಯೆ 2022ರಲ್ಲಿ 2,571 ಮತ್ತು 2023ರಲ್ಲಿ 4,240. 2024ರಲ್ಲಿ ಅದು 2,452ಕ್ಕೆ ಇಳಿಯಿತು. ಆ ವರ್ಷದ ಆಕ್ಷೇಪಗಳಲ್ಲಿ ಪೋಷಕರಿಂದ ಬಂದವು ಕೇವಲ ಶೇಕಡಾ 16. ಶೇಕಡಾ 72ರಷ್ಟು ಸಂಘಟಿತ ಗುಂಪುಗಳಿಂದಲೂ ಅಧಿಕಾರ ಸ್ಥಾನದಲ್ಲಿದ್ದವರಿಂದಲೂ ಬಂದವು. ಅಂದರೆ ಮಗುವಿನ ಕೈಯಲ್ಲಿ ಪುಸ್ತಕ ಕಂಡು ಚಿಂತಿತರಾದ ತಾಯಿ ತಂದೆಯರಿಗಾಗಿ ಮಾಡಿದ ಅರ್ಜಿಯನ್ನು ಸಿದ್ಧಪಟ್ಟಿ ಹಿಡಿದು ಬರುವವರು ಬಳಸುತ್ತಿದ್ದಾರೆ.

ನ್ಯಾಯಾಲಯ ಕಾಪಾಡುತ್ತದೆಯಲ್ಲ ಎಂದು ಕೆಲವರು ಹೇಳಬಹುದು. 1982ರಲ್ಲಿ, ಐಲೆಂಡ್ ಟ್ರೀಸ್ ಶಾಲಾ ಮಂಡಳಿ ಮತ್ತು ಪಿಕೊ ಅವರ ನಡುವಿನ ಪ್ರಕರಣದಲ್ಲಿ, ವಿಚಾರಗಳು ಇಷ್ಟವಾಗಲಿಲ್ಲವೆಂಬ ಒಂದೇ ಕಾರಣಕ್ಕೆ ಶಾಲಾ ಗ್ರಂಥಾಲಯದ ಪುಸ್ತಕ ತೆಗೆಯುವಂತಿಲ್ಲ ಎಂಬ ಅಭಿಪ್ರಾಯವನ್ನು ಸುಪ್ರೀಮ್ ಕೋರ್ಟಿನ ಕೆಲವು ನ್ಯಾಯಾಧೀಶರು ನೀಡಿದರು. ಅದಕ್ಕೆ ಪೂರ್ಣ ಬಹುಮತ ಇರಲಿಲ್ಲ. ಇತ್ತ ಟೆಕ್ಸಾಸ್‌ನ ಲ್ಯಾನೊ ಕೌಂಟಿಯ ಸಾರ್ವಜನಿಕ ಗ್ರಂಥಾಲಯದಿಂದ 17 ಪುಸ್ತಕಗಳನ್ನು ತೆಗೆದ ಪ್ರಕರಣದಲ್ಲಿ, ಗ್ರಂಥಾಲಯವು ಪುಸ್ತಕಗಳನ್ನು ತೆಗೆದುದನ್ನು ಓದುಗರು ಪ್ರಶ್ನಿಸಲಾರರು ಎಂಬ ನಿಲುವನ್ನು ಮೇಲ್ಮನವಿ ನ್ಯಾಯಾಲಯವೊಂದು 2025ರ ಮೇ ತಿಂಗಳಲ್ಲಿ ತಳೆಯಿತು. ಆ ನ್ಯಾಯಾಲಯದ ವ್ಯಾಪ್ತಿ ಟೆಕ್ಸಾಸ್, ಲೂಸಿಯಾನ ಮತ್ತು ಮಿಸಿಸಿಪಿ ರಾಜ್ಯಗಳಿಗಿದೆ. ಅಲ್ಲಿ ಓದುಗರಿಗೆ ಉಳಿದಿರುವ ಮುಖ್ಯ ರಕ್ಷಣೆ ಊರಿನ ಗ್ರಂಥಾಲಯದ ನೀತಿ ಮತ್ತು ಆ ನೀತಿಯನ್ನು ಕಾಯುವ ಊರಿನ ಜನ. ಮಂಡಳಿಯ ಸಭೆಗೆ ನಾವು ಹೋಗದಿದ್ದರೆ ಬೇರೆಯವರು ಹೋಗುತ್ತಾರೆ.

ನಮ್ಮದೇ ಚರಿತ್ರೆಯಲ್ಲಿ ಇದಕ್ಕಿಂತ ಕಹಿಯಾದ ಪಾಠವಿದೆ. ಕೊರ್ಡೋವಾದಲ್ಲಿ ಖಲೀಫ ಎರಡನೆಯ ಅಲ್ ಹಕಮ್ ಕಟ್ಟಿದ ಗ್ರಂಥಾಲಯ ತನ್ನ ಕಾಲದ ವಿಸ್ಮಯವಾಗಿತ್ತು. 976ರಲ್ಲಿ ಅವರು ತೀರಿಕೊಂಡ ಬಳಿಕ ಅಧಿಕಾರ ಹಿಡಿದ ಅಲ್ ಮನ್ಸೂರ್, ಕೆಲವು ವಿದ್ವಾಂಸರ ಮೆಚ್ಚುಗೆ ಗಳಿಸಲು ತತ್ವಶಾಸ್ತ್ರ ಮತ್ತು ಪ್ರಾಚೀನ ಶಾಸ್ತ್ರಗಳ ಗ್ರಂಥಗಳನ್ನು ಆರಿಸಿ ನಾಶಪಡಿಸಿದರು. ತತ್ವಶಾಸ್ತ್ರದ ಪುಸ್ತಕಗಳು ತಾನೇ ಎಂದು ಆಗ ಹಲವರು ಸುಮ್ಮನಿದ್ದಿರಬಹುದು. ಆದರೆ 1109ರಲ್ಲಿ ಅದೇ ಕೊರ್ಡೋವಾದಲ್ಲಿ ಬೆಂಕಿಗೆ ಬಿದ್ದುದು ಇಮಾಮ್ ಗಝ್ಝಾಲಿ(ರ)ಯವರ 'ಇಹ್ಯಾ ಉಲೂಮುದ್ದೀನ್'. ಲೇಖಕರು ಇನ್ನೂ ಬದುಕಿದ್ದರು. ದೂರು ನೀಡಿದವರು ಹೊರಗಿನವರಲ್ಲ, ನಮ್ಮದೇ ಕಾನೂನು ಪಂಡಿತರು. ಇಂದು ಆ ಗ್ರಂಥವಿಲ್ಲದ ಮದ್ರಸವನ್ನು ಊಹಿಸುವುದೂ ಕಷ್ಟ.

ಅದೇ ಇಮಾಮರು ತತ್ವಶಾಸ್ತ್ರಜ್ಞರನ್ನು ಹೇಗೆ ಎದುರಿಸಿದರು? ಮೊದಲು ಅವರ ಗ್ರಂಥಗಳನ್ನು ಕೂಲಂಕಷವಾಗಿ ಅಭ್ಯಸಿಸಿದರು. ಅವರ ವಾದಗಳನ್ನು 'ಮಕಾಸಿದುಲ್ ಫಲಾಸಿಫ'ದಲ್ಲಿ ನಿಷ್ಠೆಯಿಂದ ನಿರೂಪಿಸಿದರು. ಅವುಗಳ ಖಂಡನೆಗಾಗಿ 'ತಹಾಫುತುಲ್ ಫಲಾಸಿಫ'ವನ್ನು ಬರೆದರು. ತಾನು ಒಪ್ಪದ ಪುಸ್ತಕಕ್ಕೆ ವಿದ್ವಾಂಸರೊಬ್ಬರು ಸಲ್ಲಿಸಬಹುದಾದ ಆಕ್ಷೇಪ ಅದು.

ಭಾರತದಲ್ಲಿ ಪುಸ್ತಕದ ವಿಚಾರಣೆ ಬಹುಮಟ್ಟಿಗೆ ಗ್ರಂಥಾಲಯದಲ್ಲಲ್ಲ, ಸರಕಾರದ ಮಟ್ಟದಲ್ಲಿ ನಡೆಯುತ್ತದೆ. ಪುಸ್ತಕವನ್ನು ಮುಟ್ಟುಗೋಲು ಹಾಕುವ ಅಧಿಕಾರ ರಾಜ್ಯ ಸರಕಾರಕ್ಕಿದೆ. ಆದರೆ ಆದೇಶದಲ್ಲಿ ಕಾರಣವನ್ನು ಹೇಳಬೇಕು, ಬಾಧಿತರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಇಲ್ಲಿಯೂ ಕಾನೂನು ಕಾರಣ ಕೇಳುತ್ತದೆ, ಕೋಪ ಮಾತ್ರ ಕಾಯುವುದಿಲ್ಲ. 2004ರ ಜನವರಿಯಲ್ಲಿ ಪುಣೆಯ ಭಂಡಾರ್ಕರ್ ಸಂಶೋಧನಾ ಸಂಸ್ಥೆಯ ಮೇಲೆ ದಾಳಿ ಮಾಡಿದ ಗುಂಪು, ಶಿವಾಜಿಯ ಕುರಿತು ಬೇರೊಬ್ಬರು ಬರೆದ ಪುಸ್ತಕದ ಮೇಲಿನ ಸಿಟ್ಟನ್ನು ಅಪೂರ್ವ ಗ್ರಂಥಗಳ ಮೇಲೆ ತೀರಿಸಿಕೊಂಡಿತು. ಆ ದೃಶ್ಯವನ್ನು ಖಂಡಿಸುವ ನಾವು, ನಮ್ಮ ಸಿಟ್ಟಿನ ದಿನವೂ ಅದೇ ಅಳತೆಗೋಲನ್ನು ಹಿಡಿಯಬೇಕು. ಒಂದು ಜನಾಂಗದ ಮೇಲಿನ ದ್ವೇಷವೂ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂಬ ಸೂರಃ ಅಲ್ ಮಾಇದದ ಆದೇಶಕ್ಕೆ ವಿನಾಯಿತಿಗಳಿಲ್ಲ.

ಹಾಗಾದರೆ ಮೊದಲು ಹೇಳಿದ ಆ ತಾಯಿ ಏನು ಮಾಡಬೇಕು? ಪುಸ್ತಕವನ್ನು ಪೂರ್ತಿ ಓದಲಿ. ಮಗಳೊಂದಿಗೆ ಕುಳಿತು ಅದರ ಬಗ್ಗೆ ಮಾತನಾಡಲಿ. ಅದು ತನ್ನ ಮನೆಗೆ ಬೇಡವೆಂದಾದರೆ ಹಿಂದಿರುಗಿಸಲಿ, ಅದು ಅವರ ಹಕ್ಕು. ಆದರೆ ಪಕ್ಕದ ಮನೆಯ ಮಗು ಏನನ್ನು ಓದಬೇಕೆಂದು ನಿರ್ಧರಿಸುವುದು ಆ ಮಗುವಿನ ಪೋಷಕರ ಹಕ್ಕು. ಪುಸ್ತಕ ತಪ್ಪು ವಯಸ್ಸಿನ ವಿಭಾಗದಲ್ಲಿದೆ ಎನಿಸಿದರೆ ತನ್ನ ಹೆಸರಿನಲ್ಲಿ, ಕಾರಣಸಹಿತ ಅರ್ಜಿ ಬರೆಯಲಿ. ತೀರ್ಮಾನ ತನಗೆ ವಿರುದ್ಧವಾಗಿ ಬಂದರೆ ಮೇಲ್ಮನವಿ ಸಲ್ಲಿಸಲಿ. ಆಗಲೂ ಪುಸ್ತಕ ಉಳಿದರೆ ಗ್ರಂಥಪಾಲಕರನ್ನು ನಿಂದಿಸದಿರಲಿ.

ಇನ್ನೊಂದು ಅರ್ಜಿಯೂ ಅಲ್ಲಿದೆ, ಪುಸ್ತಕ ತರಿಸಲು ಕೋರುವ ಅರ್ಜಿ. ಕಪಾಟಿನಲ್ಲಿ ಇಲ್ಲದ ಪುಸ್ತಕದ ಮೇಲೆ ಯಾರೂ ಆಕ್ಷೇಪ ಎತ್ತುವುದಿಲ್ಲ, ಯಾವ ಮಗುವೂ ಅದನ್ನು ಓದುವುದಿಲ್ಲ. ಪ್ರವಾದಿ(ಸ)ಯವರ ಜೀವನವನ್ನು, ನಮ್ಮ ಹಬ್ಬಗಳನ್ನು, ನಮ್ಮ ಅಜ್ಜಿಯರ ಕಥೆಗಳನ್ನು ಮಕ್ಕಳಿಗೆ ಹೇಳುವ ಒಳ್ಳೆಯ ಪುಸ್ತಕಗಳ ಹೆಸರು ಬರೆದು ಕೊಡೋಣ. ನಮ್ಮೂರಿನ ಗ್ರಂಥಾಲಯದಲ್ಲಿಯೂ ಗ್ರಂಥಪಾಲಕರನ್ನು ಕಂಡು ಕೇಳೋಣ. ಅಂಥ ಪುಸ್ತಕ ಕಪಾಟಿಗೆ ಬಂದ ದಿನ ಯಾರಾದರೂ ಅದರ ಮೇಲೆ ಆಕ್ಷೇಪ ಎತ್ತಿದರೆ, ಆ ಸಮಿತಿಯ ಸದಸ್ಯರು ಅದನ್ನು ಪೂರ್ತಿ ಓದಿಯೇ ತೀರ್ಪು ನೀಡಲಿ ಎಂದು ನಾವು ಬಯಸುತ್ತೇವೆ. ನಮಗಾಗಿ ಬಯಸುವುದನ್ನೇ ಇತರರಿಗಾಗಿಯೂ ಬಯಸುವುದು ವಿಶ್ವಾಸಿಯ ಲಕ್ಷಣ.